ಆಚರಣೆಯಿಂದ ಚರಿತ್ರೆಗೆ: ಕಂಬಾರರ ‘ಜೋಕುಮಾರಸ್ವಾಮಿ’ ಮತ್ತು ಹುಣಸೂರು ಸೀಮೆಯ ಭೂಮಿಪ್ರಶ್ನೆ

ಕನ್ನಡದ ರಾಜಕೀಯ ನಾಟಕಗಳ ಚರ್ಚೆ ಸಾಮಾನ್ಯವಾಗಿ ‘ತುಘಲಕ್’, ‘ಸಂಕ್ರಾಂತಿ’ ಹಾಗೂ 1975ರಲ್ಲಿ ಆರಂಭವಾದ ‘ಸಮುದಾಯ’ದ ಬೀದಿನಾಟಕಗಳ ಸುತ್ತ ನಡೆಯುತ್ತದೆ. ಚಂದ್ರಶೇಖರ ಕಂಬಾರರ ಹೆಸರು ಬಂದಾಗ ಮಾತು ಜಾನಪದದ ಕಡೆಗೆ ಹೊರಳುತ್ತದೆ. ಅವರ ನಾಟಕಗಳ ಹಾಡು, ಕುಣಿತ, ಭಾಷೆಯ ಬನಿಯನ್ನು ಮೆಚ್ಚಿದ ವಿಮರ್ಶೆ ಅವುಗಳ ರಾಜಕೀಯವನ್ನು ಅಷ್ಟು ನಿಕಟವಾಗಿ ಪರಿಶೀಲಿಸಿಲ್ಲ. ಪ್ರಸ್ತುತ ಲೇಖನದಲ್ಲಿ ‘ಜೋಕುಮಾರಸ್ವಾಮಿ’ಯನ್ನು ಕೇಂದ್ರವಾಗಿಟ್ಟುಕೊಂಡು ಕಂಬಾರರ ರಾಜಕೀಯ ಪ್ರಜ್ಞೆಯ ಸ್ವರೂಪವನ್ನು ಗುರುತಿಸಲು, ಅದನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಅನುಭವದ ಎದುರಿಟ್ಟು ಓದಲು ಯತ್ನಿಸಲಾಗಿದೆ.

1

ಕಂಬಾರರು ಹುಟ್ಟಿದ್ದು 1937ರಲ್ಲಿ, ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ. ಕುಲುಮೆಯ ಕಸುಬಿನ ಬಡ ಕುಟುಂಬ ಅವರದು. ಬಯಲಾಟಗಳ ನಡುವೆ ಬೆಳೆದ ಅವರು ಮುಂದೆ ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಸಂಶೋಧನೆಗೆ ಆರಿಸಿಕೊಂಡು ಕರ್ನಾಟಕ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ‘ಸಂಗ್ಯಾ ಬಾಳ್ಯಾ’ದಂತಹ ಸಣ್ಣಾಟವನ್ನು ಸಂಪಾದಿಸಿದರು. ಆದ್ದರಿಂದ ಜಾನಪದವು ಅವರಿಗೆ ನಗರದ ರಂಗಭೂಮಿಗೆ ಹೊಸತನ ತರಲು ಎರವಲು ಪಡೆದ ಅಲಂಕಾರವಾಗಿರಲಿಲ್ಲ. ಅದು ಅವರು ಬದುಕಿ, ಅನಂತರ ಶಾಸ್ತ್ರೀಯವಾಗಿ ಅಭ್ಯಸಿಸಿದ ಲೋಕ. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದದ್ದು, 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದದ್ದು, 2018ರಿಂದ 2023ರವರೆಗೆ ಕೇಂದ್ರ ಸಾಹಿತ್ಯ ಅಕಾದೆಮಿಯ ಅಧ್ಯಕ್ಷರಾಗಿದ್ದದ್ದು ಸರ್ವವಿದಿತ. ಈ ಗೌರವಗಳ ಪಟ್ಟಿ ಬೆಳೆದಂತೆಲ್ಲ 1972ರ ಕಂಬಾರರು, ಅಂದರೆ ಗೇಣಿದಾರನ ಕೊಲೆಯನ್ನು ರಂಗದ ಮೇಲೆ ತಂದ ಮೂವತ್ತೈದು ವರ್ಷದ ನಾಟಕಕಾರ, ತುಸು ಮರೆಯಾಗಿದ್ದಾರೆ.

‘ಜೋಕುಮಾರಸ್ವಾಮಿ’ ಬಿ.ವಿ. ಕಾರಂತರ ನಿರ್ದೇಶನದಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ರಂಗಕ್ಕೆ ಬಂದಿತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾದರು. ಎರಡು ವರ್ಷಗಳ ಬಳಿಕ, 1974ರ ಮಾರ್ಚ್ 1ರಂದು, ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದು ಗೇಣಿ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದವು. ಉಳುವವನು ಏಳನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತನು. ನಾಟಕದಿಂದ ಕಾಯ್ದೆ ಹುಟ್ಟಿತೆನ್ನುವುದು ಬಾಲಿಶವಾದೀತು. ಆದರೆ ಒಂದೇ ಕಾಲದ ಒಂದೇ ಪ್ರಶ್ನೆಗೆ ರಂಗಭೂಮಿಯೂ ಶಾಸನಸಭೆಯೂ ಕೊಟ್ಟ ಎರಡು ಉತ್ತರಗಳೆಂದು ಇವನ್ನು ಜೊತೆಗಿಟ್ಟು ನೋಡಲು ಅಡ್ಡಿಯಿಲ್ಲ.

2

ಜೋಕುಮಾರನು ಉತ್ತರ ಕರ್ನಾಟಕದ ಫಲದೇವತೆ. ಭಾದ್ರಪದದ ಅಷ್ಟಮಿಯಂದು ಹುಟ್ಟಿ ಏಳು ದಿನ ಬಾಳಿ ಅನಂತನ ಹುಣ್ಣಿಮೆಗೆ ಸಾಯುವವನು. ಹೆಣ್ಣುಮಕ್ಕಳು ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು, ಬೇವಿನ ಸೊಪ್ಪು ಸುತ್ತಿ, ಬಾಯಿಗೆ ಬೆಣ್ಣೆ ಸವರಿ, ಮನೆಮನೆಯ ಮುಂದೆ ಹಾಡುತ್ತ ತಿರುಗುತ್ತಾರೆ. ಕೊನೆಗೆ ಅಗಸರ ಕಲ್ಲಿನ ಬಳಿ ಅವನ ಕಥೆ ಮುಗಿಯುತ್ತದೆ. ಮಳೆ, ಬೆಳೆ, ಬಸಿರು ಮೂರನ್ನೂ ಅವನು ತರುತ್ತಾನೆಂಬುದು ನಂಬಿಕೆ.

ಕಂಬಾರರ ನಾಟಕದಲ್ಲಿ ಷಂಡನಾದ ಗೌಡನಿಗೆಂದು ಗೌಡತಿ ಸಿದ್ಧಪಡಿಸಿದ ಜೋಕುಮಾರಸ್ವಾಮಿಯ ಪಲ್ಯ ಗೇಣಿದಾರ ಬಸಣ್ಣನ ಪಾಲಾಗುತ್ತದೆ. ಗೌಡತಿ ಬಸಿರಾಗುತ್ತಾಳೆ, ಬಸಣ್ಣ ಗೌಡನ ಕಡೆಯವರಿಂದ ಕೊಲೆಯಾಗುತ್ತಾನೆ. ಮೇಲ್ನೋಟಕ್ಕೆ ಇದು ಪುರಾಣದ ಪುನರಾವರ್ತನೆ. ಆದರೆ ಒಂದು ಮೂಲಭೂತ ಪಲ್ಲಟವನ್ನು ಗಮನಿಸಬೇಕು. ಆಚರಣೆಯ ಜೋಕುಮಾರ ಸಾಯುವುದು ತನ್ನ ಅತಿರೇಕದ ಕಾಮಕ್ಕಾಗಿ. ಮುಂದಿನ ಭಾದ್ರಪದಕ್ಕೆ ಮರಳಿ ಹುಟ್ಟುವುದಂತೂ ನಿಶ್ಚಿತ. ಬಸಣ್ಣ ಸಾಯುವುದು ಹೊಲ ತನ್ನದೆಂದು ಹೇಳಿದ್ದಕ್ಕಾಗಿ. ಅವನು ಮರಳಿ ಬರುವುದಿಲ್ಲ. ಕಾಲಚಕ್ರದಲ್ಲಿ ಪ್ರತಿವರ್ಷ ಸಂಭವಿಸುವ ಸಾವನ್ನು ಕಂಬಾರರು ಒಮ್ಮೆ ಮಾತ್ರ ಸಂಭವಿಸುವ, ಕಾರಣವುಳ್ಳ, ಕೊಂದವನ ಹೆಸರು ಹೇಳಬಹುದಾದ ಸಾವನ್ನಾಗಿ ಮಾರ್ಪಡಿಸಿದ್ದಾರೆ. ಆಚರಣೆಯು ಚರಿತ್ರೆಯಾಗುವುದು ಇಲ್ಲಿಯೇ. ನಾಟಕದ ರಾಜಕೀಯವಿರುವುದು ಗೌಡನನ್ನು ಬೈಯುವ ಮಾತುಗಳಿಗಿಂತ ಹೆಚ್ಚಾಗಿ ಈ ರಚನಾತ್ಮಕ ಪಲ್ಲಟದಲ್ಲಿ. ಗಣಪತಿಯ ಬದಲು ಜೋಕುಮಾರನನ್ನು ಪೂಜಿಸಲು ಹೊರಡುವ ಸೂತ್ರಧಾರನ ಆರಂಭದ ದೃಶ್ಯವೇ ರಂಗದ ಅಧಿಕಾರ ಕೈಬದಲಾದುದರ ಸೂಚನೆ.

ಅಮೆರಿಕದ ಕ್ಲಿಫರ್ಡ್ ಓಡೆಟ್ಸ್ 1935ರಲ್ಲಿ ಬರೆದ ‘ವೇಟಿಂಗ್ ಫಾರ್ ಲೆಫ್ಟಿ’ ನಾಟಕದೊಡನೆ ಇದನ್ನು ಹೋಲಿಸಬಹುದು. ಟ್ಯಾಕ್ಸಿ ಚಾಲಕರ ಸಭೆಯಾಗಿ ನಡೆಯುವ ಆ ನಾಟಕದಲ್ಲಿಯೂ ಕಾರ್ಮಿಕರು ಎದುರು ನೋಡುವ ಮುಂದಾಳು ಕೊಲೆಯಾಗಿರುತ್ತಾನೆ. ಸುದ್ದಿ ತಿಳಿದೊಡನೆ ಮುಷ್ಕರದ ಕೂಗು ಏಳುತ್ತದೆ. ಪ್ರೇಕ್ಷಕರೂ ಸಭೆಯ ಭಾಗವಾಗುತ್ತಾರೆ. ಕಂಬಾರರಲ್ಲಿ ಸಾವಿನ ಉತ್ತರ ಮುಷ್ಕರವಲ್ಲ, ಬಸಿರು. ಓಡೆಟ್ಸ್‌ನ ಸಭಿಕರು ಈ ಕ್ಷಣವೇ ಏಳಬೇಕು. ಕಂಬಾರರ ಸಭಿಕರು ಒಂದು ಮಗು ಬೆಳೆಯುವವರೆಗೆ ಕಾಯಬೇಕು. ಇದು ಜನಪದ ರೂಪ ಕೊಟ್ಟ ಶಕ್ತಿಯೂ ಹೌದು, ಮಿತಿಯೂ ಹೌದು.

3

ನಾಟಕದ ಮಿತಿಯನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಉಳುವವನೇ ಹೊಲದೊಡೆಯ ಎಂಬ ಘೋಷಣೆಯನ್ನು ನಾಟಕ ಗೌಡತಿಯ ದೇಹಕ್ಕೂ ವಿಸ್ತರಿಸುತ್ತದೆ. ಹೊಲ ಬೀಳುಬಿಟ್ಟವನಿಗೆ ಹೊಲದ ಹಕ್ಕಿಲ್ಲ, ಹೆಂಡತಿಯ ಬಯಕೆ ಈಡೇರಿಸದವನಿಗೆ ಹೆಂಡತಿಯ ಹಕ್ಕಿಲ್ಲ ಎಂಬುದು ಅದರ ತರ್ಕ. ಬಿತ್ತನೆ ಮತ್ತು ಬಸಿರಿನ ಸಾಮ್ಯ ಜನಪದರಲ್ಲಿ ಬಹು ಪ್ರಾಚೀನವಾದದ್ದು. ಆದರೆ ಹಕ್ಕಿನ ಭಾಷೆಗೆ ಬಂದಾಗ ಅದು ಹೆಣ್ಣನ್ನು ಒಬ್ಬ ಒಡೆಯನಿಂದ ಇನ್ನೊಬ್ಬನಿಗೆ ವರ್ಗಾಯಿಸಬಹುದಾದ ಜಮೀನನ್ನಾಗಿಸುತ್ತದೆ. ಗೌಡತಿಯು ತನ್ನ ಇಚ್ಛೆಯಿಂದಲೇ ಹೊಸಿಲು ದಾಟುವಳೆಂಬುದು ನಿಜ. ನಾಟಕದ ಅತ್ಯಂತ ಧೈರ್ಯದ ಪಾತ್ರ ಅವಳದೇ. ಆದರೂ ಅವಳು ಕೇಳುವುದು ಮಗುವನ್ನು. ಹೊಲದಲ್ಲಿ ತನಗೂ ಪಾಲಿದೆಯೆಂಬ ಮಾತು ಅವಳ ಬಾಯಿಂದ ಬರುವುದಿಲ್ಲ. ಭೂಸುಧಾರಣೆಯ ಅರ್ಜಿಗಳಲ್ಲಿಯೂ ಉಳುವವನೆಂದರೆ ಬಹುಪಾಲು ಮನೆಯ ಗಂಡಸೇ ಆಗಿದ್ದನು. ನಾಟಿ ಹಾಕಿದ, ಕಳೆ ಕಿತ್ತ ಹೆಣ್ಣಿನ ಕೈಗೆ ಪಹಣಿ ಬರಲಿಲ್ಲ. ನಾಟಕವೂ ಕಾಯ್ದೆಯೂ ಕಾಣದೆ ಬಿಟ್ಟದ್ದು ಒಂದನ್ನೇ.

4

ಹುಣಸೂರು ಸೀಮೆಯಲ್ಲಿ ನಿಂತು ಓದಿದಾಗ ಇನ್ನೆರಡು ಸಂಗತಿಗಳು ಎದ್ದು ಕಾಣುತ್ತವೆ.

ಮೊದಲನೆಯದು ರಂಗಸಂಪ್ರದಾಯಕ್ಕೆ ಸಂಬಂಧಿಸಿದ್ದು. ಈ ತಾಲ್ಲೂಕುಗಳಲ್ಲಿ ಜೋಕುಮಾರನ ಬುಟ್ಟಿ ಉತ್ತರದಂತೆ ಬೀದಿಗೆ ಬರುವುದಿಲ್ಲ. ಇಲ್ಲಿನ ಊರಹಬ್ಬದ ರಂಗವೆಂದರೆ ‘ಕುರುಕ್ಷೇತ್ರ’. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಪಾತ್ರಧಾರಿಗಳು ತಾವೇ ಹಣ ಹಾಕುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ. ಅದರ ಸಂಧಾನದ ದೃಶ್ಯಕ್ಕೆ ರೈತರು ನಡುರಾತ್ರಿಯಲ್ಲೂ ಎದ್ದು ಕೂರುತ್ತಾರೆ. ಐದು ಊರು ಕೇಳಿದವನಿಗೆ ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂಬ ದುರ್ಯೋಧನನ ಹಟ ಅವರಿಗೆ ಪುರಾಣವಲ್ಲ. ಅಣ್ಣತಮ್ಮಂದಿರ ಬದುವಿನ ಜಗಳ. ಆದರೆ ಆ ಜಗಳ ದಾಯಾದಿಗಳದು. ನೆಲವನ್ನು ಉಳುವವನು ಅಲ್ಲಿ ರಂಗದ ಮೇಲೆ ಬರುವುದೇ ಇಲ್ಲ. ಬಸಣ್ಣನ ಮಹತ್ವ ಇದರ ಎದುರಿಗೆ ತಿಳಿಯುತ್ತದೆ. ಭೂಮಿಯನ್ನು ಆಳುವವರ ನಡುವಣ ವ್ಯಾಜ್ಯವನ್ನು ಆಳುವವನಿಗೂ ಉಳುವವನಿಗೂ ನಡುವಣ ವ್ಯಾಜ್ಯವನ್ನಾಗಿ ಕಂಬಾರರು ಬದಲಿಸಿದರು.

ಎರಡನೆಯದು ಭೂಮಿಗೆ ಸಂಬಂಧಿಸಿದ್ದು. ಗೇಣಿ ಪದ್ಧತಿ ಕರಾವಳಿ, ಮಲೆನಾಡುಗಳಲ್ಲಿ ಇದ್ದಷ್ಟು ದಟ್ಟವಾಗಿ ಹಳೆ ಮೈಸೂರಿನ ಬಯಲಿನಲ್ಲಿರಲಿಲ್ಲ. ಆದ್ದರಿಂದ ಅರಸು ಅವರ ಕಾಯ್ದೆಯ ದೊಡ್ಡ ಫಲ ಅವರ ಸ್ವಂತ ಸೀಮೆಗಿಂತ ಬೇರೆಡೆ ದೊರೆಯಿತು. ಇಲ್ಲಿ ಗೇಣಿಯ ಕಾಗದವೂ ಇಲ್ಲದ ಜೀತದಾಳು, ಕೂಲಿಕಾರ ಮತ್ತು ಕಾಡಿನ ಹಾಡಿಗಳ ಜೇನುಕುರುಬ, ಕಾಡುಕುರುಬರಿದ್ದರು. ಜೀತ ನಿರ್ಮೂಲನದ ಕಾಯ್ದೆ 1976ರಲ್ಲಿ ಬಂದಿತು. ಹೆಗ್ಗಡದೇವನಕೋಟೆಯಲ್ಲಿ ಕಬಿನಿ ಅಣೆಕಟ್ಟು ಮುಗಿದದ್ದು ಭೂಸುಧಾರಣೆಯ ವರ್ಷವಾದ 1974ರಲ್ಲಿಯೇ. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದಂತೆ ಹಾಡಿಗಳು ಕಾಡಿನಿಂದ ಹೊರಬಿದ್ದವು. ಉಚ್ಚ ನ್ಯಾಯಾಲಯದ ಸೂಚನೆಯಂತೆ ರಚಿತವಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಸಲ್ಲಿಸಿದ ವರದಿಯಲ್ಲಿ ಹೀಗೆ ನೆಲೆ ಕಳೆದುಕೊಂಡ 3,418 ಕುಟುಂಬಗಳನ್ನು ಗುರುತಿಸಲಾಯಿತು. ಜೇನು ತೆಗೆಯುವವನು, ಗೆಡ್ಡೆ ಅಗೆಯುವವನು ಉಳುವವನಲ್ಲ. ಅವನಿಗೆ ಹೊಲವೂ ಇಲ್ಲ, ಒಡೆತನದ ಆ ಕಲ್ಪನೆಯೂ ಇಲ್ಲ. ಅವನನ್ನು ಎದುರಿಸಿದ್ದು ಮೀಸೆ ತಿರುವುವ ಗೌಡನಲ್ಲ, ಮೊಹರು ಬಿದ್ದ ಕಾಗದ. ಷಂಡನೆಂದು ಹಾಸ್ಯ ಮಾಡಿ ಸೋಲಿಸಬಹುದಾದ ಶತ್ರು ಅದಲ್ಲ. ಗೌಡನ ಅಧಿಕಾರವನ್ನು ಅವನ ದೇಹದ ಕೊರತೆಯೊಡನೆ ಸಮೀಕರಿಸುವ ‘ಜೋಕುಮಾರಸ್ವಾಮಿ’ಯ ವಿಡಂಬನೆ ಇಲ್ಲಿ ಕೆಲಸಕ್ಕೆ ಬಾರದು.

5

ಕಂಬಾರರಿಗೆ ಈ ಬದಲಾವಣೆಯ ಅರಿವಿರಲಿಲ್ಲವೆನ್ನಲಾಗದು. ‘ಹರಕೆಯ ಕುರಿ’ಯಲ್ಲಿ ಅವರು ಹಳ್ಳಿಯ ಗೌಡನನ್ನು ಬಿಟ್ಟು ನಗರದ ರಾಜಕಾರಣಕ್ಕೆ, ಅದು ಬಲಿಗೆ ಹುಡುಕುವ ಸುಶಿಕ್ಷಿತನ ಕಡೆಗೆ ಬಂದರು. 1991ರ ಅಕಾದೆಮಿ ಪ್ರಶಸ್ತಿ ಪಡೆದ ‘ಸಿರಿಸಂಪಿಗೆ’ಯಲ್ಲಿ ಎರಡಾಗಿ ಸೀಳಿಕೊಂಡ ರಾಜಕುಮಾರನ ಮೂಲಕ ಒಳಗಿನ ಬಿರುಕನ್ನು ಶೋಧಿಸಿದರು. ‘ಮಹಮೂದ್ ಗವಾನ್’, ‘ಶಿವರಾತ್ರಿ’ಗಳಲ್ಲಿ ಚರಿತ್ರೆಯ ಅಧಿಕಾರ ಕೇಂದ್ರಗಳನ್ನು ಪ್ರವೇಶಿಸಿದರು. ರಾಜಕೀಯ ಅವರಿಂದ ದೂರವಾಗಲಿಲ್ಲ. ಆದರೆ ನೆಲ ದೂರವಾಯಿತು. ಬಸಣ್ಣನಂತೆ ಮಣ್ಣು ಮೆತ್ತಿದ ಕಾಲಿನಿಂದ ರಂಗದ ನಡುವೆ ಬಂದು ನಿಲ್ಲುವ ಇನ್ನೊಬ್ಬನನ್ನು ಅವರ ಮುಂದಿನ ನಾಟಕಗಳು ಕೊಡಲಿಲ್ಲವೆಂದೇ ಹೇಳಬೇಕು.

ಇತ್ತ ಭೂಮಿಯ ಪ್ರಶ್ನೆ ಮುಗಿದಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳುವ ದಾರಿ ತೆರೆದಿದೆ. ಉಳುವವನಿಗೆ ಬಂದ ನೆಲ ಉಳದವನ ಕೈಗೆ ಮರಳಬಹುದಾದ ಕಾಲದಲ್ಲಿ ಬಸಣ್ಣನ ಸಾವು ಹೊಸ ಅರ್ಥ ಪಡೆಯುತ್ತದೆ. ಗೌಡತಿಯ ಮಗು ಬೆಳೆದು ದೊಡ್ಡವನಾಗಿ, ಆ ಹೊಲವನ್ನು ಯಾರಿಗೆ ಮಾರಿದನೆಂಬುದು ಈಗ ಬರೆಯಬೇಕಾದ ನಾಟಕ.

ಒಟ್ಟಾರೆ, ಜನಪದ ರೂಪವನ್ನು ಬಳಸಿದರೆ ನಾಟಕ ತಾನಾಗಿ ಜನಪರವಾಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಆಚರಣೆಗಳು ಒಂದು ದಿನ ಒಡೆಯನನ್ನು ಬೈಯಲು ಬಿಟ್ಟು ಮರುದಿನ ಅವನ ಹೊಲಕ್ಕೇ ಆಳನ್ನು ಕಳುಹಿಸುತ್ತವೆ. ಆ ಮರುದಿನವನ್ನು ಪ್ರಶ್ನಿಸಿದ್ದರಿಂದ ‘ಜೋಕುಮಾರಸ್ವಾಮಿ’ ದೊಡ್ಡ ನಾಟಕ. ಅದು ಹೆಣ್ಣಿಗೂ ಹಾಡಿಯವರಿಗೂ ಎಡೆಯಿಡದೆ ಉಳಿದದ್ದನ್ನು ಗುರುತಿಸುವುದು ಕಂಬಾರರ ಸಾಧನೆಯನ್ನು ಕುಗ್ಗಿಸುವ ಕೆಲಸವಲ್ಲ. ಅವರು ಆರಂಭಿಸಿದ ವ್ಯಾಜ್ಯವನ್ನು ಮುಂದುವರಿಸುವ ಕೆಲಸ. ಆ ವ್ಯಾಜ್ಯಕ್ಕೆ ಬೇಕಾದ ಕಥೆ, ಹಾಡು, ಕುಣಿತಗಳು ಹೆಗ್ಗಡದೇವನಕೋಟೆ, ಹುಣಸೂರಿನ ಹಾಡಿಗಳಲ್ಲಿಯೇ ಇವೆ. ಅವನ್ನು ಸಂಗ್ರಹಿಸಿ ಕಪಾಟಿನಲ್ಲಿಡುವುದಕ್ಕೆ ಮಾತ್ರ ಜಾನಪದ ಅಧ್ಯಯನ ತೃಪ್ತಿಪಡಬಾರದು.