ಹಾಕಿದ ಹಾಡು ವಾಪಸ್ ಕೊಡದ ಡಬ್ಬಿ

ಒಂದು ಯಂತ್ರ ಎಷ್ಟು ಒಳ್ಳೇದು ಅಂತ ಅದನ್ನು ಕೊಂಡ ದಿನ ಗೊತ್ತಾಗಲ್ಲ, ಬಿಟ್ಟು ಹೊರಡುವ ದಿನ ಗೊತ್ತಾಗುತ್ತೆ. ಈ ಅಳತೆಯಲ್ಲಿ ನೋಡಿದರೆ, ಜಗತ್ತೆಲ್ಲ ಹೊಗಳಿದ ಐಪಾಡ್ ನನ್ನ ಲೆಕ್ಕದಲ್ಲಿ ಫೇಲು.

ಹೊಗಳಿಕೆ ಸುಳ್ಳೇನಲ್ಲ. 2001ರ ಅಕ್ಟೋಬರಿನಲ್ಲಿ ಬಂದ ಮೊದಲ ಐಪಾಡ್ 5 ಜಿಬಿ ಡಿಸ್ಕಿನಲ್ಲಿ ಸಾವಿರ ಹಾಡು ಹಿಡಿಸಿಕೊಂಡು ಜೇಬಲ್ಲಿ ಕೂರುತ್ತಿತ್ತು. 2022ರ ಮೇ ತಿಂಗಳಲ್ಲಿ ಆಪಲ್ ಕೊನೆಯ ಮಾದರಿಯನ್ನೂ ನಿಲ್ಲಿಸಿತು. ಈಗ ಅವು ಬೀರುಗಳಲ್ಲಿ, ಡ್ರಾಯರುಗಳಲ್ಲಿ ಮಲಗಿವೆ. ಹಾಡು ತುಂಬಿಸಿದ ಹಳೇ ಕಂಪ್ಯೂಟರ್ ಎಂದೋ ಗುಜರಿಗೆ ಹೋಗಿರುತ್ತೆ. ಅಂದರೆ ಉಳಿದಿರೋದು ಒಂದೇ ಪ್ರತಿ, ಅದೂ ಆ ಡಬ್ಬಿಯೊಳಗೆ.

ಅದನ್ನು ಹೊಸ ಕಂಪ್ಯೂಟರಿಗೆ ಸಿಕ್ಕಿಸಿದರೆ ಐಟ್ಯೂನ್ಸ್ ಕೇಳೋದು ಇಷ್ಟೇ: ಇದು ಬೇರೆ ಲೈಬ್ರರಿಗೆ ಸೇರಿದ್ದು, ಇದರಲ್ಲಿರೋದನ್ನ ಅಳಿಸಿ ಹೊಸದಾಗಿ ತುಂಬಲಾ? ಅದರ ದೃಷ್ಟಿಯಲ್ಲಿ ಕಂಪ್ಯೂಟರೇ ಯಜಮಾನ, ಐಪಾಡ್ ಬರೀ ನಕಲು. ಹಾಡು ಹೋಗುವ ದಾರಿ ಇದೆ, ಬರುವ ದಾರಿ ಇಟ್ಟಿಲ್ಲ.

2006ರಲ್ಲಿ ಬಂದ ಐಟ್ಯೂನ್ಸ್ 7ರಲ್ಲಿ ಒಂದು ಕಿಂಡಿ ತೆರೆದರು. ಅದೂ ಅವರ ಅಂಗಡಿಯಲ್ಲಿ ಕಾಸು ಕೊಟ್ಟು ಕೊಂಡ ಹಾಡುಗಳಿಗೆ ಮಾತ್ರ. ಆ ಅಂಗಡಿ ಭಾರತಕ್ಕೆ ಬಂದಿದ್ದೇ 2012ರ ಡಿಸೆಂಬರಿನಲ್ಲಿ. ಅಲ್ಲಿವರೆಗೂ ನಮ್ಮ ಐಪಾಡುಗಳಲ್ಲಿ ಇದ್ದದ್ದು ಸಿಡಿಯಿಂದ, ಕ್ಯಾಸೆಟ್‌ನಿಂದ, ಗೆಳೆಯರ ಪೆನ್‌ಡ್ರೈವ್‌ನಿಂದ ಬಂದ ಹಾಡು. ಮತ್ತೆ ಕೊಳ್ಳಲು ಸಿಗುವ ಹಾಡಿಗೆ ರಕ್ಷಣೆ, ಎಲ್ಲೂ ಸಿಗದ ಹಾಡಿಗೆ ಅಳಿಸುವ ಬಟನ್. ನನ್ನ ತಕರಾರು ಇದೇ.

ಎಲ್ಲೂ ಸಿಗದ ಹಾಡು ಯಾವುದು ಅಂತೀರಾ? ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ಕನ್ನಡದಲ್ಲೂ ತೆಲುಗಿನಲ್ಲೂ ತತ್ವಪದ ಬರೆದರು. ನಮ್ಮ ಕಡೆ ಎರಡೂ ಭಾಷೆ ಒಂದೇ ಬಾಯಲ್ಲಿ ಓಡಾಡುತ್ತೆ, ಭಜನೆಯಲ್ಲೂ ಅಷ್ಟೇ. ಒಂದೊಂದು ಊರಿನ ತಂಡದ್ದು ಒಂದೊಂದು ಮಟ್ಟು. ನಮ್ಮೂರ ಭಜನೆಮನೆಯಲ್ಲಿ ನಮ್ಮ ತಾತ ಹಾರ್ಮೋನಿಯಂ ಹಿಡಿದು ಹಾಡಿದ್ದನ್ನ ಮಾವ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿದ್ದರು. ಬಿಇ ಓದುವಾಗ ಅದನ್ನು ಎಂಪಿ3 ಮಾಡಿ ಐಪಾಡಿಗೆ ಹಾಕಿಕೊಂಡೆ. ಈಗ ತಾತ ಇಲ್ಲ, ಕ್ಯಾಸೆಟ್‌ಗೆ ಬೂಷ್ಟು ಹಿಡಿದಿದೆ.

ಆಪಲ್ ಪರವಾಗಿ ಒಂದು ಮಾತು ಹೇಳಬಹುದು. ಹಾಡು ಕಂಪ್ಯೂಟರಿಂದ ಕಂಪ್ಯೂಟರಿಗೆ ಹಾರಿದರೆ ಮ್ಯೂಸಿಕ್ ಕಂಪನಿಗಳು ಸುಮ್ಮನಿರುತ್ತಿರಲಿಲ್ಲ. ಮೊದಲ ಐಪಾಡುಗಳ ಹೊದಿಕೆಯ ಮೇಲೆ ಹಾಡು ಕದಿಯಬೇಡಿ ಅಂತಲೇ ಅಚ್ಚು ಹಾಕಿದ್ದರು. ಸರಿ, ಒಪ್ಪೋಣ. ಆದರೆ ನಮ್ಮ ತಾತನ ಹಾಡನ್ನ ನಾನು ಯಾರಿಂದ ಕದ್ದೆ?

ಇನ್ನೊಂದು ಮಾತು, ಇದು ಇಂಜಿನಿಯರ್ ಆಗಿ ಹೇಳ್ತಿರೋದು. ಆ ಬೀಗ ನಿಜಕ್ಕೂ ಬೀಗವೇ ಅಲ್ಲ, ಬರೀ ಪರದೆ. ನೀವೇ ಹಾಕಿದ ಎಂಪಿ3ಗಳು ಐಪಾಡ್ ಕಂಟ್ರೋಲ್ ಅನ್ನೋ ಅಡಗಿಸಿಟ್ಟ ಫೋಲ್ಡರಿನೊಳಗೆ, ಮ್ಯೂಸಿಕ್ ಫೋಲ್ಡರಿನಲ್ಲಿ, ಎಫ್00, ಎಫ್01 ಅಂತ ಚೂರುಚೂರಾಗಿ ಕೂತಿರುತ್ತವೆ. ಹೆಸರೆಲ್ಲ ಅರ್ಥವಿಲ್ಲದ ನಾಲ್ಕು ಅಕ್ಷರ. ಕಳ್ಳನಿಗೆ ಇದು ಎರಡು ನಿಮಿಷದ ಕೆಲಸ. ಸಿಕ್ಕಿಹಾಕಿಕೊಳ್ಳೋದು ಗೌರಿಬಿದನೂರಿನಲ್ಲಿ ರಿಟೈರಾಗಿ ಕೂತ ಮೇಷ್ಟ್ರು.

ತೆಗೆಯೋದು ಹೀಗೆ. ವಿಂಡೋಸ್ ಕಂಪ್ಯೂಟರಿನಲ್ಲಿ ಐಟ್ಯೂನ್ಸ್ ಇದ್ದರೆ ಕಂಟ್ರೋಲ್, ಶಿಫ್ಟ್ ಎರಡೂ ಕೀ ಒತ್ತಿ ಹಿಡಿದು ವೈರ್ ಸಿಕ್ಕಿಸಿ, ತಾನಾಗಿ ಸಿಂಕ್ ಶುರುವಾಗಲ್ಲ. ಅಡಗಿದ ಫೈಲುಗಳು ಕಾಣುವಂತೆ ಸೆಟ್ಟಿಂಗ್ ಬದಲಿಸಿ. ಆಮೇಲೆ ಆ ಇಡೀ ಫೋಲ್ಡರನ್ನ ನಕಲು ಮಾಡಿಕೊಳ್ಳಿ. ಚಕ್ರವಿದ್ದ ಹಳೇ ಐಪಾಡುಗಳಿಗೆ ಈ ದಾರಿ ನಡೆಯುತ್ತೆ, ಐಪಾಡ್ ಟಚ್‌ಗೆ ನಡೆಯಲ್ಲ. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಐಪಾಡನ್ನ ವಿಂಡೋಸ್ ನೇರವಾಗಿ ಓದಲ್ಲ, ಅದಕ್ಕೆ ಮ್ಯಾಕ್ ಹುಡುಕಬೇಕು.

ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆ ನೋಡಿದವರಿಗೆ ಗೊತ್ತು, ಗೂಡಿನ ಎಳೆಯ ತುದಿ ಸಿಕ್ಕರೆ ಉಳಿದದ್ದು ತಾನಾಗಿ ಬಿಚ್ಚಿಕೊಂಡು ಬರುತ್ತೆ. ಇಲ್ಲಿ ಆ ತುದಿ ಅಂದರೆ ಫೈಲಿನೊಳಗೇ ಇರುವ ಟ್ಯಾಗ್. ಹಾಡಿನ ಹೆಸರು, ಹಾಡಿದವರ ಹೆಸರು ಅದರಲ್ಲಿರುತ್ತೆ. ಸಿನಿಮಾ ಹಾಡುಗಳಿಗೆ ಸಾಮಾನ್ಯವಾಗಿ ಟ್ಯಾಗ್ ಇರುತ್ತೆ, ಮ್ಯೂಸಿಕ್‌ಬ್ರೈನ್ಸ್ ಪಿಕಾರ್ಡ್‌ನಂಥ ಉಚಿತ ಸಾಫ್ಟ್‌ವೇರ್ ಅದನ್ನೋದಿ ಹೆಸರು ಸರಿಮಾಡುತ್ತೆ. ಮನೆಯಲ್ಲಿ ರೆಕಾರ್ಡ್ ಮಾಡಿದ ಭಜನೆಗೆ ಟ್ಯಾಗ್ ಯಾರು ಹಾಕಿರ್ತಾರೆ? ಅದರ ಹೆಸರು ಐಪಾಡಿನ ಡೇಟಾಬೇಸಿನಲ್ಲಿ ಮಾತ್ರ ಇರುತ್ತೆ. ಹಾಗಾಗಿ ಬರೀ ಎಂಪಿ3 ಎತ್ತಿಕೊಂಡರೆ ಹಾಡು ಬರುತ್ತೆ, ಹೆಸರು ಬರಲ್ಲ. ಲಿನಕ್ಸ್‌ನ ಜಿಟಿಕೆಪಾಡ್ ಆ ಡೇಟಾಬೇಸನ್ನೂ ಓದುತ್ತೆ. ತಾತನ ಹಾಡುಗಳು ನನಗೆ ಹೆಸರಿನ ಸಮೇತ ಸಿಕ್ಕಿದ್ದು ಹಾಗೆ.

ಈಗ ಯಾರಿಗೆ ಬೇಕು ಐಪಾಡ್, ಎಲ್ಲಾ ಫೋನಲ್ಲೇ ಬರುತ್ತಲ್ಲ ಅನ್ನಬಹುದು. ಐಪಾಡ್ ಫೈಲನ್ನ ಬಚ್ಚಿಟ್ಟಿತ್ತು, ಈಗಿನ ಸ್ಟ್ರೀಮಿಂಗ್ ಆಪ್‌ಗಳು ನಮ್ಮದು ಅಂತ ಫೈಲನ್ನೇ ಕೊಡಲ್ಲ. ದುಡ್ಡು ಕಟ್ಟೋದು ನಿಲ್ಲಿಸಿದ ದಿನ ಡೌನ್‌ಲೋಡ್ ಮಾಡಿಟ್ಟದ್ದೂ ಮುಚ್ಚಿಹೋಗುತ್ತೆ. ಸಾಫ್ಟ್‌ವೇರ್ ಮಾಡುವ ನಾವು ಇಂಥದ್ದನ್ನ ವಿನ್ಯಾಸ ಮಾಡುವಾಗ ಒಳಗೆ ಬರೋ ದಾರಿಗೆ ಹತ್ತು ಮೀಟಿಂಗ್ ಮಾಡ್ತೀವಿ, ಹೊರಗೆ ಹೋಗೋ ದಾರಿಗೆ ಒಂದೂ ಇಲ್ಲ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಬೀರು ತೆಗೆದು ನೋಡಿ. ಹಳೇ ಐಪಾಡಿನ ಒಳಗೆ ಸುತ್ತೋ ಡಿಸ್ಕ್ ಇರುತ್ತೆ, ಅದಕ್ಕೂ ವಯಸ್ಸಾಗುತ್ತೆ. ಇನ್ನೂ ಜೀವ ಇದ್ದರೆ ಅವತ್ತೇ ನಕಲು ಮಾಡಿ ಎರಡು ಕಡೆ ಇಡಿ.