ವಸ್ತುಚಿತ್ರವೂ ನೆನಪೂ: ಕೊಚ್ಚಿಗೆ ಬಂದ ಒರಳುಕಲ್ಲುಗಳು

ಪಾಶ್ಚಾತ್ಯರು ಸ್ಟಿಲ್ ಲೈಫ್ ಎಂದು ಕರೆಯುವ ವಸ್ತುಚಿತ್ರಕ್ಕೆ ನಮ್ಮ ಚಿತ್ರಪರಂಪರೆಯಲ್ಲಿ ಹೆಚ್ಚಿನ ಸ್ಥಾನವಿರಲಿಲ್ಲ. ದೀಪ, ಪಾತ್ರೆ, ಹಣ್ಣು, ಹೂವುಗಳು ದೇವತೆಯ ಇಲ್ಲವೆ ನಾಯಿಕೆಯ ಪರಿವಾರವಾಗಿ ಬರುತ್ತಿದ್ದುವೇ ಹೊರತು ತಾವೇ ಚಿತ್ರದ ವಿಷಯವಾಗುತ್ತಿದ್ದುದು ವಿರಳ. ತಿರುವನಂತಪುರದಲ್ಲಿ 1935ರಲ್ಲಿ ಸ್ಥಾಪಿತವಾದ ಶ್ರೀ ಚಿತ್ರಾ ಚಿತ್ರಶಾಲೆಯಲ್ಲಿ ರಾಜಾ ರವಿವರ್ಮನ (1848–1906) ಕೃತಿಗಳನ್ನು ನೋಡಿದವರಿಗೆ ಇದು ಮನದಟ್ಟಾಗುವುದು. ಜರಿಯಂಚಿನ ಹೊಳಪನ್ನೂ ಆಭರಣದ ಕಾಂತಿಯನ್ನೂ ತೈಲವರ್ಣದಲ್ಲಿ ಆತನಷ್ಟು ನಿಷ್ಠೆಯಿಂದ ತಂದವರು ಕಡಮೆ. ಆದರೂ ಅಲ್ಲಿ ವಸ್ತುವು ತನ್ನ ಕಥೆಯನ್ನು ಹೇಳುವುದಿಲ್ಲ. ತನ್ನ ಒಡತಿಯ ಅಂತಸ್ತನ್ನು ಹೇಳುತ್ತದೆ.

17ನೆಯ ಶತಮಾನದ ಡಚ್ ಚಿತ್ರಕಾರರ ಸಂಗತಿ ಬೇರೆ. ಪೀಟರ್ ಕ್ಲಾಸ್ 1627ರಲ್ಲಿ ಬರೆದ, ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿರುವ ಭೋಜನದ ಮೇಜಿನ ಚಿತ್ರದಲ್ಲಿ, ಪಂಚಾಂಗದ ಹಾಳೆಯನ್ನು ಸುತ್ತಿ ಮಾಡಿದ ಪೊಟ್ಟಣದಲ್ಲಿ ಮೆಣಸಿದೆ. ಇಂಥ ಮೆಣಸಿನ ವ್ಯಾಪಾರವನ್ನು ಕೈವಶ ಮಾಡಿಕೊಳ್ಳಲೆಂದೇ ಡಚ್ಚರು 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಗೆದ್ದುಕೊಂಡರು. ಚಿತ್ರದಲ್ಲಿ ವಸ್ತುವಿಗೆ ಪೂರ್ಣ ಗೌರವ ಸಂದಿದೆ. ಆದರೆ ಮೆಣಸನ್ನು ಬಳ್ಳಿಯಿಂದ ಬಿಡಿಸಿದ ಕೈಗಳ ಸುಳಿವು ಎಲ್ಲಿಯೂ ಇಲ್ಲ. ಆದುದರಿಂದ ವಸ್ತುಚಿತ್ರದ ವಿಮರ್ಶಕನು ಕೇಳಬೇಕಾದ ಪ್ರಶ್ನೆ ಒಂದುಂಟು: ಈ ವಸ್ತುವಿನಲ್ಲಿ ಉಳಿದಿರುವುದು ಯಾರ ನೆನಪು?

ಈ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಎತ್ತಿದ ಕೃತಿಯೊಂದು ಕೊಚ್ಚಿಯಲ್ಲಿಯೇ ಪ್ರದರ್ಶಿತವಾಯಿತು. 2012ರ ಡಿಸೆಂಬರ್ 12ರಂದು ಆರಂಭವಾದ ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆಗೆ, ಭದ್ರಾವತಿಯಲ್ಲಿ ಜನಿಸಿದ ಶ್ರೀಮತಿ ಶೀಲಾ ಗೌಡ ಅವರು ಕ್ರಿಸ್ಟೋಫ್ ಸ್ಟೋರ್ಜ್ ಅವರೊಡನೆ ಕೂಡಿ ಕರ್ನಾಟಕದಿಂದ ಸುಮಾರು 170 ಒರಳುಕಲ್ಲುಗಳನ್ನು ತರಿಸಿ, ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸಿನಲ್ಲಿ ಇರಿಸಿದರು. ಕೃತಿಯ ಹೆಸರು ‘ಸ್ಟಾಪ್‌ಓವರ್’, ಎಂದರೆ ಪಯಣದ ನಡುವಣ ತಂಗು. ಶೀಲಾ ಗೌಡರು ಮೊದಲು ಚಿತ್ರಕಾರ್ತಿಯಾಗಿದ್ದು, 1990ರ ದಶಕದಲ್ಲಿ ಸೆಗಣಿ, ದಾರ, ಕುಂಕುಮಗಳನ್ನು ಸಾಧನವಾಗಿ ಮಾಡಿಕೊಂಡವರು. ಚೌಕಟ್ಟನ್ನು ದಾಟಿದ್ದರೂ ಈ ಕೃತಿಯನ್ನು ವಸ್ತುಚಿತ್ರದ ಮುಂದುವರಿಕೆಯೆಂದೇ ಭಾವಿಸಬಹುದು. ಮೆಣಸು, ಕೊಬ್ಬರಿಎಣ್ಣೆಗಳ ವ್ಯಾಪಾರ ನಡೆದ ಕಟ್ಟಡಕ್ಕೆ ಅರೆಯುವವರ ಕಲ್ಲು ಬಂದುದು ಉಚಿತವೇ ಆಯಿತು.

ಒರಳು ಮನೆಯ ನೆಲಕ್ಕೆ ಊರಿಕೊಂಡ ವಸ್ತು. ಮಿಕ್ಸಿ, ಗ್ರೈಂಡರುಗಳು ಬಂದ ಮೇಲೆ ಅಡಿಗೆಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಒಡೆದುಹಾಕಲು ಮನಸ್ಸೂ ಬಾರದು. ಹಳೆಯ ಮನೆಯನ್ನು ಕೆಡವಿದಾಗ ಅದು ಬೀದಿಯ ಬದಿಗೆ ಬಂದು ಬೀಳುತ್ತದೆ. ನಾಡು ಬಿಟ್ಟು ಬಂದ ನಾವು ಹಿತ್ತಾಳೆಯ ದೀಪವನ್ನೋ ಸೇರು-ಪಾವುಗಳನ್ನೋ ಜೊತೆಗೆ ತಂದೆವು. ಒರಳನ್ನು ಹೊತ್ತು ತಂದವರು ವಿರಳ.

ಬಳಸಿದ ಒರಳಿನ ಗುಳಿಯಲ್ಲಿ ಸವೆತವಿರುತ್ತದೆ. ಕಲ್ಲನ್ನು ಹಾಗೆ ಸವೆಸಿದುದು ಹೆಂಗಸರ ತೋಳು. ಒರಳಿನಲ್ಲಿ ರುಬ್ಬಿದ ಚಟ್ನಿಯ ರುಚಿ ಈಗಿಲ್ಲವೆಂದು ಹಳಹಳಿಸುವವರು ಸಾಮಾನ್ಯವಾಗಿ ಉಂಡವರು. ರುಬ್ಬಿದವರು ಹಾಗೆ ಹಳಹಳಿಸುವುದು ಕಡಮೆ. ನಮ್ಮ ಊರ ನೆನಪಿನ ಬರಹಗಳಲ್ಲಿ ಬಹುತೇಕ ಮರೆತುಹೋಗುವ ಈ ಭೇದವನ್ನು ಕಲ್ಲು ತಾನೇ ಹೇಳುವಂತೆ ಮಾಡಿದುದು ಈ ಕೃತಿಯ ಸಾಧನೆ.

ಆದರೂ ಒಂದು ಆಕ್ಷೇಪಣೆಯನ್ನು ಹೇಳಲೇಬೇಕು. ನೂರಾರು ಕಲ್ಲುಗಳು ಒಟ್ಟಿಗೆ ಕುಳಿತಾಗ ರಾಶಿಗೆ ಗಾಂಭೀರ್ಯ ಬರುವುದು ನಿಜ. ಆದರೆ ಒಂದೊಂದು ಮನೆಯ ಗುರುತು ಆ ರಾಶಿಯಲ್ಲಿ ಮಸಕಾಗುತ್ತದೆ. ಒಂದೇ ಒರಳಿನ ಮುಂದೆ ಕುಳಿತು ಅದರ ಮೇಲೆ ಸರಿಯುವ ಬೆಳಕನ್ನು ಕಾಯುವ ತಾಳ್ಮೆ ವರ್ಣಚಿತ್ರಕ್ಕೆ ಸಹಜವಾದುದು. ಆದುದರಿಂದ ಕುಂಚ ಹಿಡಿದವರ ಕೆಲಸ ಇನ್ನೂ ಮುಗಿದಿಲ್ಲ.

ನಮ್ಮ ಸಂಘಗಳ ಉತ್ಸವಗಳಲ್ಲಿಯೂ ಹಳೆಯ ಪಾತ್ರೆಪಡಗಗಳನ್ನು ಸಾಲಾಗಿ ಇಡುವ ವಾಡಿಕೆಯುಂಟು. ವಸ್ತುವಿನ ಹೆಸರನ್ನು ಚೀಟಿಯಲ್ಲಿ ಬರೆಯುತ್ತೇವೆ. ಅದನ್ನು ಬಳಸಿದವಳ ಹೆಸರನ್ನೂ, ದಿನಕ್ಕೆ ಎಷ್ಟು ಹೊತ್ತು ಬಳಸಿದಳೆಂಬುದನ್ನೂ ತಿಳಿದಷ್ಟು ಬರೆದಿಡುವುದು ಅಗತ್ಯ.