ಕಂಬ ಮತ್ತು ಕಥನದ ಒಡೆತನ

ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಹೈಡಾ, ತ್ಲಿಂಗಿಟ್, ನಿಸ್ಗಾ ಮೊದಲಾದ ಮೂಲನಿವಾಸಿ ಜನಾಂಗಗಳು ಕೆಂಪು ಸೀಡರ್ ಮರದಲ್ಲಿ ಕಡೆದು ನಿಲ್ಲಿಸುವ ಕಂಬಗಳನ್ನು ‘ಟೋಟೆಮ್ ಕಂಬ’ಗಳೆಂದು ಕರೆಯುವುದು ರೂಢಿ. ಈ ಹೆಸರಿನಲ್ಲಿಯೇ ತೊಡಕಿದೆ. ‘ಟೋಟೆಮ್’ ಎಂಬುದು ದೂರದ ಮಹಾಸರೋವರ ಪ್ರದೇಶದ ಒಜಿಬ್ವೆ ಭಾಷೆಯಿಂದ ಬಂದ ಶಬ್ದ. ಕಂಬ ಕಡೆದವರ ನುಡಿಗೆ ಸೇರಿದುದಲ್ಲ. ಇವನ್ನು ಪೂಜಾವಿಗ್ರಹಗಳೆಂದು ಬಗೆದುದೂ ಹೊರಗಿನವರ ತಪ್ಪೆಣಿಕೆಯೇ. ಹದ್ದು, ಕಾಡುಕಾಗೆ, ತೋಳ, ಕರಡಿಗಳ ಆಕೃತಿಗಳು ಮನೆತನದ ಲಾಂಛನಗಳು. ಅದರ ಪೂರ್ವಕಥನ, ಹೆಸರು, ಹಕ್ಕುಗಳ ಗುರುತುಗಳು.

ನಮ್ಮ ವೀರಗಲ್ಲಿನಲ್ಲಿ ಶಿಲ್ಪದ ಜೊತೆಗೆ ಅನೇಕವೇಳೆ ಶಾಸನವೂ ಇರುವುದರಿಂದ ಊರಿನ ನೆನಪು ಅಳಿದರೂ ಓದು ಸಾಧ್ಯ. ಈ ಕಂಬಗಳಲ್ಲಿ ಅಕ್ಷರವಿಲ್ಲ. ಲಾಂಛನವನ್ನು ಗುರುತಿಸಬಹುದಾದರೂ ಅದರ ಕಥೆಯನ್ನು ಹೇಳುವ ಅಧಿಕಾರ ಆ ಮನೆತನದ್ದು. ಕಂಬ ನಿಲ್ಲಿಸುವಾಗ ‘ಪಾಟ್‌ಲ್ಯಾಚ್’ ಎಂಬ ಔತಣಕೂಟ ನಡೆಯುತ್ತದೆ. ಅಲ್ಲಿ ಉಡುಗೊರೆ ಪಡೆದ ಅತಿಥಿಗಳೇ ಆ ಹಕ್ಕಿಗೆ ಸಾಕ್ಷಿಗಳು. ಕೆನಡಾ ಸರ್ಕಾರ ೧೮೮೫ರಿಂದ ೧೯೫೧ರವರೆಗೆ ಈ ಕೂಟವನ್ನು ನಿಷೇಧಿಸಿದಾಗ ಕಂಬದ ಅರ್ಥಕ್ಕೆ ಆಧಾರವಾದ ಸಭೆಯೇ ಅಪರಾಧವಾಯಿತು.

ಈ ಹಿನ್ನೆಲೆಯಲ್ಲಿ ಮಾರಿಯಸ್ ಬಾರ್ಬೋ ಅವರ ‘ಟೋಟೆಮ್ ಪೋಲ್ಸ್’ (೧೯೫೦) ಗ್ರಂಥವನ್ನು ಪರಿಶೀಲಿಸಬೇಕು. ಸಂಗ್ರಹದ ವ್ಯಾಪ್ತಿಯಿಂದ ಅದು ಇಂದಿಗೂ ಉಪಯುಕ್ತ. ಆದರೆ ಅದರ ಮೊದಲ ಸಂಪುಟ ಕಂಬಗಳನ್ನು ಲಾಂಛನ ಮತ್ತು ವಿಷಯಗಳ ಪ್ರಕಾರ ವಿಂಗಡಿಸುತ್ತದೆ. ಹೋಲಿಕೆಗೆ ಅನುಕೂಲವಾದ ಈ ಕ್ರಮದಲ್ಲಿ ಬೇರೆ ಬೇರೆ ಮನೆತನಗಳ ಸೊತ್ತು ಒಂದೇ ‘ಆಶಯ’ದ ಪಾಠಾಂತರಗಳಂತೆ ತೋರುತ್ತದೆ. ಇಂತಹ ಬೇರ್ಪಡಿಕೆ ಪುಟಗಳಿಗಷ್ಟೇ ಸೀಮಿತವಾಗಲಿಲ್ಲ. ನಾಸ್ ನದಿಯ ಕಣಿವೆಯಲ್ಲಿ ನೀಸ್‌ಜೂಲ್ ಮನೆತನದ ಸ್ಮಾರಕ ಕಂಬವನ್ನು ೧೯೨೯ರಲ್ಲಿ ಬಾರ್ಬೋ ಸಾಗಿಸಿದರು. ಅದು ಎಡಿನ್‌ಬರೋದ ವಸ್ತುಸಂಗ್ರಹಾಲಯ ಸೇರಿತು. ತಮ್ಮ ಒಪ್ಪಿಗೆಯಿಲ್ಲದೆ ಅದನ್ನು ಒಯ್ಯಲಾಯಿತೆಂಬುದು ನಿಸ್ಗಾ ಜನರ ನಿಲುವು. ೨೦೨೩ರ ಸೆಪ್ಟೆಂಬರಿನಲ್ಲಿ ಅದು ಅವರ ನೆಲಕ್ಕೆ ಮರಳಿತು.

ಸಂಗ್ರಹಿಸದಿದ್ದರೆ ಮರ ಕೊಳೆತು ಹೋಗುತ್ತಿತ್ತೆಂಬ ಸಮಾಧಾನ ಪೂರ್ತಿ ಒಪ್ಪತಕ್ಕುದಲ್ಲ. ಬಿದ್ದ ಕಂಬ ಮಣ್ಣಾಗುವುದನ್ನು ಈ ಪರಂಪರೆ ಸಹಜವೆಂದೇ ಕಂಡಿದೆ. ಹಕ್ಕುಳ್ಳವರು ಹೊಸತನ್ನು ಕಡೆಸಬಲ್ಲರು. ಮರ ಉಳಿದು ಹೇಳುವವರು ದೂರವಾಗುವುದೇ ಹೆಚ್ಚಿನ ನಷ್ಟ. ಹಸ್ತಪ್ರತಿಗಳನ್ನೂ ಮೌಖಿಕ ಕಾವ್ಯಗಳನ್ನೂ ಸಂಗ್ರಹಿಸುವ ನಮಗೂ ಈ ಮಾತು ಸಲ್ಲುತ್ತದೆ. ಪಠ್ಯವನ್ನು ರಕ್ಷಿಸುವುದು ಸಂಪಾದಕನ ಕರ್ತವ್ಯವಾದರೆ, ಅದು ಯಾರದೆಂಬುದನ್ನು ಮರೆಯದಿರುವುದು ಅದಕ್ಕಿಂತ ಮೊದಲ ಕರ್ತವ್ಯ.